ಸಮವಸ್ತ್ರ ತೊಡದೆ ಸತ್ತವರು: ಬಾಂಬಿಗೆ ಬಲಿಯಾದ ಕಾರ್ಖಾನೆ ಕಾರ್ಮಿಕರ ಸ್ಮಾರಕಕ್ಕೆ ಏನೆಲ್ಲ ಬೇಕು

ಬಿಎಸ್‌ಎ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಸೈಕಲ್ಲು. ಮದ್ರಾಸಿನ ಟಿಐ ಸೈಕಲ್ಸ್ ಕಂಪನಿ ದಶಕಗಳ ಕಾಲ ಆ ಹೆಸರಿನಲ್ಲಿ ಸೈಕಲ್ ಮಾಡಿ ಮಾರಿತು. ಬಿಎಸ್‌ಎ ಎಸ್‌ಎಲ್‌ಆರ್ ತುಳಿದುಕೊಂಡೇ ಹೈಸ್ಕೂಲು, ಕಾಲೇಜು ಮುಗಿಸಿದವರು ಕರ್ನಾಟಕದ ಊರೂರಲ್ಲಿದ್ದಾರೆ. ಆ ಮೂರಕ್ಷರದ ಪೂರ್ಣ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಂದೂಕು ಕಸುಬುದಾರರು 1861ರಲ್ಲಿ ಒಟ್ಟಾಗಿ ಕಟ್ಟಿದ ಕಂಪನಿ ಅದು. ಸೈಕಲ್ಲು, ಮೋಟಾರ್ ಸೈಕಲ್ಲುಗಳೆಲ್ಲ ಆಮೇಲೆ ಬಂದವು. ನಗರದ ಸ್ಮಾಲ್ ಹೀತ್ ಭಾಗದ ಆರ್ಮರಿ ರಸ್ತೆಯಲ್ಲಿದ್ದ ಅದರ ಮುಖ್ಯ ಕಾರ್ಖಾನೆಯ ಮೇಲೆ 1940ರ ನವೆಂಬರ್ 19ರ ರಾತ್ರಿ ಜರ್ಮನ್ ವಿಮಾನಗಳು ಬಾಂಬು ಹಾಕಿದವು. ಆಗ ರಾತ್ರಿ ಪಾಳಿ ನಡೆಯುತ್ತಿತ್ತು. ನಾಲ್ಕು ಅಂತಸ್ತಿನ ಕಟ್ಟಡದ ಯಂತ್ರಶಾಲೆಗಳು ಕುಸಿದವು, ನೂರಾರು ಜನ ಅವಶೇಷಗಳಡಿ ಸಿಕ್ಕಿಬಿದ್ದರು. 22ರಂದು ಇನ್ನೊಮ್ಮೆ ದಾಳಿಯಾಯಿತು. ಆ ನವೆಂಬರಿನ ದಾಳಿಗಳಲ್ಲಿ ಕಂಪನಿಯ 53 ಕೆಲಸಗಾರರು ಸತ್ತರು, 89 ಮಂದಿ ಗಾಯಗೊಂಡರು.

ರಾತ್ರಿ ಪಾಳಿಯ ಇಬ್ಬರು ಎಲೆಕ್ಟ್ರಿಷಿಯನ್ನರು, ಆಲ್ಫ್ ಸ್ಟೀವನ್ಸ್ ಮತ್ತು ಆಲ್ಫ್ ಗುಡ್ವಿನ್, ಉರಿಯುವ ಕಟ್ಟಡದೊಳಗಿಂದ ಜೊತೆಗಾರರನ್ನು ಹೊರಗೆಳೆದರು. ಸ್ಟೀವನ್ಸ್‌ಗೆ ಜಾರ್ಜ್ ಪದಕವೂ ಗುಡ್ವಿನ್‌ಗೆ ಬ್ರಿಟಿಷ್ ಎಂಪೈರ್ ಪದಕವೂ ಬಂದವು. ಯಂತ್ರಗಳ ನಷ್ಟದ ಲೆಕ್ಕವೂ ಚೊಕ್ಕವಾಗಿ ಸಿಗುತ್ತದೆ. ಅದೇ ವರ್ಷದ ಆಗಸ್ಟ್ 26ರ ದಾಳಿಯಲ್ಲಿ 750, ನವೆಂಬರಿನಲ್ಲಿ ಇನ್ನೂ 1,600. ರೈಫಲ್ ತಯಾರಿಕೆ ಮೂರು ತಿಂಗಳು ನಿಂತಿತು. ಸತ್ತವರು ಮಾತ್ರ ಬಹುತೇಕ ಬರಹಗಳಲ್ಲಿ ಒಂದು ಸಂಖ್ಯೆಯಾಗಿಯೇ ಸಾಗಿ ಬಂದಿದ್ದಾರೆ. ಕಾರ್ಖಾನೆ ಕಾರ್ಮಿಕರಿಗೆ ಸ್ಮಾರಕ ಬೇಕೆಂಬ ಬೇಡಿಕೆ ಎಲ್ಲಿ ಎದ್ದರೂ ಅದರ ಮೊದಲ ಕೆಲಸ ಈ ಸಂಖ್ಯೆಯನ್ನು ಒಡೆದು ಹೆಸರುಗಳನ್ನಾಗಿ ಮಾಡುವುದು. ಕಲ್ಲು, ಜಾಗ, ದುಡ್ಡು ಎಲ್ಲವೂ ಅದರ ನಂತರದ ಮಾತು. ಬಹಳ ಪ್ರಯತ್ನಗಳು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡೇ ಸೊರಗುತ್ತವೆ.

ಕಾನೂನು ಕಡಿದ ನಂಟು

ಈ ಸಾವುಗಳಿಗೆ ವಾರಸುದಾರರೇ ಇಲ್ಲದಂತಾದದ್ದು ಹೇಗೆ? ಸೈನಿಕ ಸತ್ತರೆ ಅವನ ರೆಜಿಮೆಂಟು ಇದೆ, ಸಮಾಧಿ ನೋಡಿಕೊಳ್ಳುವ ಆಯೋಗ ಇದೆ, ವರ್ಷಕ್ಕೊಂದು ದಿನ ಇದೆ. ಬಂದೂಕು ಮಾಡುತ್ತ ಸತ್ತ ಕಾರ್ಮಿಕ ಕಾಗದದ ಮೇಲೆ ಬರೀ ನಾಗರಿಕ. ಆದರೆ ಅವನ ಬದುಕು ನಾಗರಿಕನ ಬದುಕಾಗಿ ಉಳಿದಿರಲಿಲ್ಲ. 1940ರ ಜುಲೈಯಲ್ಲಿ ಹೊರಟ 1305ನೇ ಆದೇಶ ಮುಷ್ಕರವನ್ನು ನಿಷೇಧಿಸಿತು. ಅದೇ ವರ್ಷದ ಸೆಪ್ಟೆಂಬರಿನಿಂದ ಸೈರನ್ ಕೂಗಿದ ಮಾತ್ರಕ್ಕೆ ಯಂತ್ರ ನಿಲ್ಲಿಸಬೇಡಿ, ಚಾವಣಿಯ ಮೇಲಿನ ಕಾವಲುಗಾರ ಅಪಾಯ ತಲೆಮೇಲೆ ಬಂತೆಂದು ಹೇಳಿದಾಗಷ್ಟೇ ಆಸರೆಗೆ ಇಳಿಯಿರಿ ಎಂದು ಸರ್ಕಾರ ಕಾರ್ಖಾನೆಗಳನ್ನು ಒತ್ತಾಯಿಸಿತು. ಹೀಗೆ ಕೆಲಸಗಾರ ಬಾಂಬಿಗೆ ಎದುರಾಗಿ ನಿಂತದ್ದು ಸರ್ಕಾರದ ಲೆಕ್ಕಾಚಾರದಂತೆಯೇ.

ಮಾಲೀಕನ ಕಡೆಯ ನಂಟನ್ನು ಕತ್ತರಿಸಿದ್ದು 1939ರ ವೈಯಕ್ತಿಕ ಗಾಯಗಳ ತುರ್ತು ಕಾಯ್ದೆ. ಯುದ್ಧದ ಗಾಯಕ್ಕೆ ಸರ್ಕಾರವೇ ಪಿಂಚಣಿ ಕೊಡುತ್ತದೆ, ಹಾಗಾಗಿ ಅಂಥ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕಿಲ್ಲ ಎಂದು ಅದು ಹೇಳಿತು. ದಾಳಿಯ ಹೊರೆ ಕಾರ್ಖಾನೆಗಳನ್ನು ಮುಳುಗಿಸಬಾರದೆಂಬ ಆ ಕಾಲದ ಕಾಳಜಿ ಅರ್ಥವಾಗುವಂಥದ್ದೇ. ಅದರ ಅಡ್ಡಪರಿಣಾಮವೆಂದರೆ, ಸತ್ತ ಕೆಲಸಗಾರರ ಕಡತ ಇಟ್ಟುಕೊಳ್ಳುವ ಕಾನೂನಿನ ಅಗತ್ಯವೇ ಕಂಪನಿಗೆ ಉಳಿಯಲಿಲ್ಲ. ಸಾಮಾನ್ಯ ಕಾಲದಲ್ಲಿ ಕೆಲಸದ ಜಾಗದಲ್ಲಿ ಒಬ್ಬ ಸತ್ತರೆ ವಿಚಾರಣೆ, ಪರಿಹಾರದ ಅರ್ಜಿ, ಪತ್ರವ್ಯವಹಾರ ಎಂದು ಕಾಗದಗಳ ಸರಣಿಯೇ ಹುಟ್ಟುತ್ತದೆ. ಈ 53 ಮಂದಿಯ ವಿಷಯದಲ್ಲಿ ಆ ಸರಣಿ ಕಂಪನಿಯ ಕಪಾಟಿನ ಬದಲು ಪಿಂಚಣಿ ಇಲಾಖೆಗೆ ಹೋಯಿತು. ಅಲ್ಲಿಯೂ ಸಮಾನತೆ ಇರಲಿಲ್ಲ; ಅದೇ ಗಾಯಕ್ಕೆ ಹೆಂಗಸಿಗೆ ಕಡಿಮೆ ಪರಿಹಾರವಿತ್ತು. ಹೋರಾಟ ನಡೆದು 1943ರಲ್ಲಿ ಅದು ಸರಿಯಾಯಿತು.

ಮೂರನೆಯದು ಸುದ್ದಿಯ ಮೇಲಿನ ಕಡಿವಾಣ. ಯಾವ ಕಾರ್ಖಾನೆಗೆ ಪೆಟ್ಟು ಬಿತ್ತೆಂದು ಶತ್ರುವಿಗೆ ತಿಳಿಯಬಾರದೆಂದು ಪತ್ರಿಕೆಗಳು ‘ಮಿಡ್‌ಲ್ಯಾಂಡ್ಸ್‌ನ (ಇಂಗ್ಲೆಂಡಿನ ನಡುಭಾಗದ) ಒಂದು ಊರು’ ಎಂದಷ್ಟೇ ಬರೆಯುತ್ತಿದ್ದವು. ಹಳೆಯ ಪತ್ರಿಕೆಗಳಲ್ಲಿ ಕಾರ್ಖಾನೆಯ ಹೆಸರಿಟ್ಟು ಹುಡುಕುವವರಿಗೆ ಏನೂ ಸಿಗದಿರುವುದು ಇದರಿಂದಲೇ. ಹುಡುಕಬೇಕಾದ್ದು ಸಾವಿನ ಸುದ್ದಿಗಳ ಚಿಕ್ಕ ಜಾಹೀರಾತುಗಳಲ್ಲಿ, ದಾಳಿಯ ನಂತರದ ಎರಡು ಮೂರು ವಾರಗಳಲ್ಲಿ, ಮತ್ತೆ ಮುಂದಿನ ವರ್ಷದ ಅದೇ ದಿನದ ನೆನಪಿನ ಸಾಲುಗಳಲ್ಲಿ. ‘ಶತ್ರುವಿನ ಕೃತ್ಯದಿಂದ ಹಠಾತ್ತಾಗಿ’ ಎಂಬ ಅರ್ಥದ ಒಕ್ಕಣೆ ಇದ್ದರೆ ಅದೇ ಸುಳಿವು.

ಬರ್ಮಿಂಗ್‌ಹ್ಯಾಮ್ ನಗರ ತನ್ನ ದಾಳಿಯ ಮೃತರಿಗೆಲ್ಲ ಸೇರಿ ಸ್ಮಾರಕ ಪಡೆದದ್ದು 2005ರ ಅಕ್ಟೋಬರಿನಲ್ಲಿ, ಅಂದರೆ ಯುದ್ಧ ಮುಗಿದು 60 ವರ್ಷವಾದ ಮೇಲೆ. ಸೇಂಟ್ ಮಾರ್ಟಿನ್ ಚರ್ಚಿನ ಬಳಿ ಲೊರೆಂಜೊ ಕ್ವಿನ್ ಮಾಡಿದ ‘ಜೀವವೃಕ್ಷ’ ಎಂಬ ಶಿಲ್ಪ ನಿಂತಿದೆ, 2,241 ಹೆಸರುಗಳೊಂದಿಗೆ. ದಾಳಿಯಲ್ಲಿ ಬದುಕುಳಿದವರೂ ಸತ್ತವರ ಕುಟುಂಬದವರೂ ಕಟ್ಟಿಕೊಂಡ ಸಂಘ ಪಟ್ಟುಹಿಡಿದ ಫಲ ಅದು, ದೊಡ್ಡ ಕೆಲಸವೇ ಸರಿ. ಆದರೆ ನಗರದ ಸ್ಮಾರಕ ಊರಿನವರು ಸತ್ತರೆಂದು ಹೇಳುತ್ತದೆ. ಇವರು ಎಲ್ಲಿ, ಯಾವ ಕೆಲಸ ಮಾಡುತ್ತಿದ್ದಾಗ ಸತ್ತರೆಂಬುದನ್ನು ಹೇಳುವ ಭಾರ ಕಾರ್ಖಾನೆಯ ನೆಲದ ಮೇಲೇ ಉಳಿಯುತ್ತದೆ.

ಹೆಸರುಪಟ್ಟಿ ಕಟ್ಟುವ ಬಗೆ

ಬ್ರಿಟನ್ನಿನಲ್ಲಿ ಇದಕ್ಕೊಂದು ಒಳ್ಳೆಯ ಬುನಾದಿ ಇದೆ. ಯುದ್ಧ ಸಮಾಧಿಗಳ ಆಯೋಗ 1941ರಿಂದ ನಾಗರಿಕ ಮೃತರ ಹೆಸರುಗಳನ್ನು ಕೂಡಿಸಿತು. ಸುಮಾರು 67,000 ಹೆಸರುಗಳ ಏಳು ಸಂಪುಟಗಳು 1956ರಿಂದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. ಈಗ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ನಾಗರಿಕರ ಸಮಾಧಿಗಳ ಹೊಣೆಯನ್ನು ಆಯೋಗ ಹೊತ್ತುಕೊಳ್ಳಲಿಲ್ಲ, ಹೆಸರನ್ನು ಮಾತ್ರ ಕಾಯ್ದುಕೊಂಡಿತು. ಒಂದೊಂದು ನಮೂದಿನಲ್ಲಿ ಹೆಸರು, ವಯಸ್ಸು, ಮನೆಯ ವಿಳಾಸ, ಗಂಡ ಅಥವಾ ಹೆಂಡತಿ ಅಥವಾ ತಂದೆತಾಯಿಯ ಹೆಸರು, ಕೊನೆಗೆ ಸತ್ತ ಜಾಗ ಇರುತ್ತದೆ. ನಮಗೆ ಬೇಕಾದ್ದು ಆ ಕೊನೆಯ ತುಣುಕು.

ಹುಡುಕಾಟದಲ್ಲಿ ಎಡವುವ ಜಾಗಗಳು ಬಹುತೇಕ ಎಲ್ಲ ಊರುಗಳಲ್ಲೂ ಒಂದೇ ತರಹ ಇರುತ್ತವೆ. ಮೊದಲನೆಯದು ತಾರೀಖು. ದಾಳಿ ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೆ ನಡೆದಿದ್ದರೆ ಅರ್ಧ ಜನರ ಸಾವು ಮರುದಿನದ ತಾರೀಖಿನಲ್ಲಿರುತ್ತದೆ. 19 ಮತ್ತು 20 ಎರಡನ್ನೂ ನೋಡಬೇಕು. ಅವಶೇಷಗಳಡಿಯಿಂದ ವಾರಗಳ ನಂತರ ದೇಹ ಸಿಕ್ಕಿದವರ ತಾರೀಖು ಇನ್ನೂ ಮುಂದಕ್ಕೆ ಹೋಗಿರಬಹುದು. ಎರಡನೆಯದು ಬರವಣಿಗೆ. ಒಬ್ಬ ಗುಮಾಸ್ತ ಚುಕ್ಕಿ ಹಾಕಿ ‘ಬಿ.ಎಸ್.ಎ.’ ಎಂದಿರುತ್ತಾನೆ, ಇನ್ನೊಬ್ಬ ಪೂರ್ತಿ ಹೆಸರು ಬರೆದಿರುತ್ತಾನೆ, ಮತ್ತೊಬ್ಬ ಬರೀ ಆರ್ಮರಿ ರಸ್ತೆ ಎಂದಿರುತ್ತಾನೆ. ಎಲ್ಲ ರೂಪಗಳನ್ನೂ ಬೇರೆ ಬೇರೆಯಾಗಿ ಹುಡುಕದಿದ್ದರೆ ಪಟ್ಟಿಯಿಂದ ಜನ ಸದ್ದಿಲ್ಲದೆ ಜಾರುತ್ತಾರೆ.

ಮೂರನೆಯದು ಆಸ್ಪತ್ರೆ. ಆಯೋಗದ ಪಟ್ಟಿ ಊರಾಡಳಿತಗಳ ಪ್ರಕಾರ ವಿಂಗಡವಾಗಿದೆ. ಕಾರ್ಖಾನೆಯಲ್ಲಿ ಗಾಯಗೊಂಡು ಪಕ್ಕದ ಊರಿನ ಆಸ್ಪತ್ರೆಯಲ್ಲಿ ಐದು ದಿನದ ನಂತರ ಸತ್ತವರು ಆ ಊರಿನ ಪುಟದಲ್ಲಿರುತ್ತಾರೆ. ಇಂಥವರ ನಮೂದು ‘ಇಂಥ ದಿನ ಇಂಥಲ್ಲಿ ಗಾಯಗೊಂಡು ಇಂಥ ಆಸ್ಪತ್ರೆಯಲ್ಲಿ ಸತ್ತರು’ ಎಂಬ ರೀತಿಯಲ್ಲಿರುವುದರಿಂದ, ಸತ್ತ ಊರಿನ ಮೇಲೆ ಸೋಸುವ ಬದಲು ವಿವರದ ಸಾಲಿನೊಳಗೆ ಕಾರ್ಖಾನೆಯ ಹೆಸರನ್ನು ಹುಡುಕಿದರೆ ಸಿಗುತ್ತಾರೆ.

ನಾಲ್ಕನೆಯದನ್ನು ಅನುಭವಿಗಳೂ ಮರೆಯುತ್ತಾರೆ. ಕಾರ್ಖಾನೆಗಳಲ್ಲಿ ಹೋಮ್ ಗಾರ್ಡ್ ಎಂಬ ಸ್ವಯಂಸೇವಕ ರಕ್ಷಣಾ ಪಡೆಯ ತುಕಡಿಗಳಿದ್ದವು, ಕೆಲಸಗಾರರೇ ಅದರ ಸದಸ್ಯರು. ಹೋಮ್ ಗಾರ್ಡ್ ಕಾವಲಿನಲ್ಲಿದ್ದಾಗ ಸತ್ತವನು ಸೈನಿಕನ ಲೆಕ್ಕಕ್ಕೆ ಸೇರುತ್ತಾನೆ, ಅವನ ಹೆಸರು ನಾಗರಿಕರ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಂದೇ ಛಾವಣಿಯಡಿ ಒಂದೇ ಕ್ಷಣ ಸತ್ತ ಇಬ್ಬರು ಗೆಳೆಯರು ಎರಡು ಬೇರೆ ದಾಖಲೆಗಳಲ್ಲಿ ಸಿಗುವುದು ಹೀಗೆ.

ಆಯೋಗದ ಪಟ್ಟಿಯೊಂದನ್ನೇ ನಂಬಿ ಕಲ್ಲಿಗೆ ಹೋಗಬಾರದು. ಪ್ರತಿ ಹೆಸರಿಗೂ ಎರಡನೇ ದಾಖಲೆ ಬೇಕು. ಮರಣ ಪ್ರಮಾಣಪತ್ರದಲ್ಲಿ ಕಾರಣದ ಕಡೆ ‘ಯುದ್ಧ ಕಾರ್ಯಾಚರಣೆಯಿಂದ’ ಎಂಬ ಒಕ್ಕಣೆ ಇರುತ್ತದೆ, ಕಸುಬೂ ಇರುತ್ತದೆ. 1939ರ ಸೆಪ್ಟೆಂಬರ್ 29ರಂದು ದೇಶವಿಡೀ ಮನೆಮನೆಯ ನೋಂದಣಿ ನಡೆದಿತ್ತು. ಅದರಲ್ಲಿ ಹುಟ್ಟಿದ ದಿನ ಮತ್ತು ಉದ್ಯೋಗ ಸಿಗುವುದರಿಂದ ಒಂದೇ ಹೆಸರಿನ ಅಪ್ಪ ಮಗನನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ವಾರಿಸು ದಾಖಲೆಗಳ ಸೂಚಿ ಸತ್ತ ಜಾಗ ಹೇಳುತ್ತದೆ, ಆದರೆ ಆಸ್ತಿ ಇದ್ದವರದ್ದು ಮಾತ್ರ. ಬಾಂಬು ಬಿದ್ದ ಜಾಗಗಳ ನಕ್ಷೆ, ವರದಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ. ಬಾಂಬು ಎಲ್ಲೆಲ್ಲಿ ಬಿತ್ತೆಂದು ಸರ್ಕಾರ ದಾಖಲಿಸಿಕೊಂಡ ‘ಬಾಂಬ್ ಗಣತಿ’ ಶುರುವಾದಾಗ ಮೊದಲು ಆರಿಸಿಕೊಂಡ ನಗರಗಳಲ್ಲಿ ಬರ್ಮಿಂಗ್‌ಹ್ಯಾಮೂ ಒಂದಾದ್ದರಿಂದ ಈ ಊರಿನವರಿಗೆ ಅದೊಂದು ಅನುಕೂಲ. ಕಂಪನಿಯ ಉಳಿದ ಕಾಗದಪತ್ರಗಳಿಗೆ ವಾರ್ವಿಕ್ ವಿಶ್ವವಿದ್ಯಾಲಯದ ಆಧುನಿಕ ದಾಖಲೆಗಳ ಕೇಂದ್ರಕ್ಕೆ ಹೋಗಬೇಕು.

ಪಟ್ಟಿಗೆ ಯಾರನ್ನು ಸೇರಿಸಬೇಕೆಂಬ ನಿಯಮವನ್ನು ಹುಡುಕಾಟದ ಮೊದಲೇ ಒಂದು ಹಾಳೆಯಲ್ಲಿ ಬರೆದಿಡುವುದು ಅತಿ ಮುಖ್ಯ. ಕಂಪನಿಯ ಸಂಬಳದ ಪುಸ್ತಕದಲ್ಲಿದ್ದವರು ಮಾತ್ರವೇ? ಆ ದಿನ ಪೈಪು ರಿಪೇರಿಗೆ ಬಂದ ಗುತ್ತಿಗೆ ಕೆಲಸಗಾರ? ಬೆಂಕಿ ಆರಿಸಲು ಬಂದು ಸತ್ತ ಅಗ್ನಿಶಾಮಕ? ಗೇಟಿನೆದುರಿನ ಮನೆಯವರು? ‘ಈ ಕಾರ್ಖಾನೆಯ ನೌಕರರು’ ಎನ್ನುವುದಕ್ಕಿಂತ ‘ಈ ಕಾರ್ಖಾನೆಯಲ್ಲಿ ಸತ್ತವರು’ ಎಂಬ ಅಳತೆಯೇ ಸರಿಯೆಂದು ನಾವು ಹೇಳುತ್ತೇವೆ. ಬಾಂಬು ಸಂಬಳದ ಪುಸ್ತಕ ನೋಡಿ ಬೀಳಲಿಲ್ಲ. ಗುತ್ತಿಗೆಯವರನ್ನು ಬಿಟ್ಟರೆ 80 ವರ್ಷದ ಮೇಲೆ ಅವರಿಗೆ ಎರಡನೇ ಸಲ ಅನ್ಯಾಯವಾಗುತ್ತದೆ. ಆಗ ಕೊನೆಯ ಲೆಕ್ಕ 53ಕ್ಕೆ ಸರಿಯಾಗಿ ನಿಲ್ಲದೆ ಹೋಗಬಹುದು. ನಿಲ್ಲದಿದ್ದರೆ ಹಳೆಯ ಸಂಖ್ಯೆಗೆ ಹೊಂದಿಸಲು ಹೋಗದೆ ಏಕೆ ಬೇರೆಯಾಯಿತೆಂದು ಬರೆದು ಪ್ರಕಟಿಸಬೇಕು.

ಕರಡು ಪಟ್ಟಿಯನ್ನು ಸ್ಥಳೀಯ ಗ್ರಂಥಾಲಯ, ಚರ್ಚು, ಪತ್ರಿಕೆಗಳಲ್ಲಿ ಕನಿಷ್ಠ ಆರು ತಿಂಗಳು ಇಟ್ಟು ತಿದ್ದುಪಡಿ ಕರೆಯುವುದು ಒಳ್ಳೆಯ ಪದ್ಧತಿ. ಮನೆಯವರು ಬಂದು ಅಜ್ಜಿಯ ಹೆಸರಿನ ಕಾಗುಣಿತ ತಪ್ಪಿದೆ ಎನ್ನುವುದು ಈ ಹಂತದಲ್ಲೇ. ದಾಖಲೆ ಒಂದು ಹೇಳಿ ಮನೆಯವರು ಇನ್ನೊಂದು ಹೇಳಿದರೆ, ಬೇರೆ ವ್ಯಕ್ತಿಯೊಂದಿಗೆ ಗೊಂದಲವಾಗದವರೆಗೂ, ಮನೆಯವರ ಬಳಕೆಗೇ ಮನ್ನಣೆ ಕೊಡಬೇಕು. ಇನ್ನೊಂದು ಎಚ್ಚರ: ದತ್ತಾಂಶ ರಕ್ಷಣೆಯ ಕಾನೂನು ಸತ್ತವರಿಗೆ ಅನ್ವಯಿಸುವುದಿಲ್ಲ, ಆದರೆ ಸಂಪರ್ಕಕ್ಕೆ ಬಂದ ಮೊಮ್ಮಕ್ಕಳ ವಿಳಾಸ, ಫೋನ್ ನಂಬರಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ಎರಡನ್ನೂ ಒಂದೇ ಕಡತದಲ್ಲಿಟ್ಟು ಹತ್ತು ಜನರಿಗೆ ಹಂಚಿದರೆ ತೊಂದರೆಗೆ ಸಿಕ್ಕಿಕೊಂಡಂತೆ.

ನೆಲ ಯಾರದ್ದು

ಕಾರ್ಖಾನೆಗಳು ಉಳಿಯುವುದಿಲ್ಲ. ಯುದ್ಧದ ಕೊನೆಗೆ 67 ಕಾರ್ಖಾನೆ, 28,000 ಕೆಲಸಗಾರರನ್ನು ಹೊಂದಿದ್ದ ಬಿಎಸ್‌ಎ 1973ರಲ್ಲಿ ಕುಸಿದುಬಿತ್ತು, ಸ್ಮಾಲ್ ಹೀತ್‌ನ ಕಟ್ಟಡಗಳ ಬಹುಭಾಗ ಆ ದಶಕದಲ್ಲೇ ನೆಲಸಮವಾಯಿತು. ಇಂಥ ನೆಲದಲ್ಲಿ ಈಗ ಗೋದಾಮು, ಸಣ್ಣ ವರ್ಕ್‌ಶಾಪು, ಪಾರ್ಕಿಂಗ್ ಇರುತ್ತವೆ. ಒಂದೊಂದು ತುಂಡಿಗೆ ಒಬ್ಬೊಬ್ಬ ಮಾಲೀಕ. ಹಾಗಾಗಿ ಹೆಸರುಪಟ್ಟಿಯ ಜೊತೆಜೊತೆಗೇ ಭೂನೋಂದಣಿ ಕಚೇರಿಯಿಂದ ಮಾಲೀಕತ್ವದ ದಾಖಲೆ ತೆಗೆಸಿ, 1940ರ ಕಾರ್ಖಾನೆಯ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಹಾಸಿ ನೋಡಬೇಕು. ಸತ್ತ ಜಾಗ ಸಾರ್ವಜನಿಕರು ಕಾಲಿಡಲಾಗದ ಅಂಗಳದೊಳಗಿದ್ದರೆ ಅಲ್ಲೇ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಹತ್ತಿರದ ರಸ್ತೆಬದಿ, ಗ್ರಂಥಾಲಯದ ಅಂಗಳ, ಹಿಂದೆ ಹರಿಯುವ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಂಡೆ ಇವೆಲ್ಲ ಜನ ಸುಲಭವಾಗಿ ಬಂದು ನಿಲ್ಲಬಹುದಾದ ಜಾಗಗಳು.

ಜಾಗಕ್ಕೆ ತಕ್ಕಂತೆ ಅನುಮತಿಯ ದಾರಿ ಬದಲಾಗುತ್ತದೆ. ಗೋಡೆಯ ಮೇಲಿನ ಸಣ್ಣ ಫಲಕಕ್ಕೆ, ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದಿದ್ದರೆ, ಮಾಲೀಕನ ಲಿಖಿತ ಒಪ್ಪಿಗೆ ಸಾಮಾನ್ಯವಾಗಿ ಸಾಕು. ನಿಲ್ಲಿಸುವ ಕಲ್ಲಿಗೆ ಯೋಜನಾ ಅನುಮತಿ ಬೇಕಾಗುತ್ತದೆ. ಅರ್ಜಿ ಕ್ರಮಬದ್ಧವಾಗಿ ದಾಖಲಾದ ಮೇಲೆ ತೀರ್ಮಾನಕ್ಕೆ ಎಂಟು ವಾರಗಳ ಗಡುವು. ರಸ್ತೆಬದಿಯಾದರೆ ಹೆದ್ದಾರಿ ಪ್ರಾಧಿಕಾರದ ಪರವಾನಗಿ, ಕಾಲುವೆದಂಡೆಯಾದರೆ ಕಾಲುವೆ ಟ್ರಸ್ಟಿನ ಒಪ್ಪಿಗೆ, ಆಂಗ್ಲಿಕನ್ ಚರ್ಚಿನ ಅಂಗಳವಾದರೆ ಧರ್ಮಪ್ರಾಂತ್ಯದ ‘ಫ್ಯಾಕಲ್ಟಿ’ ಎಂಬ ಅಪ್ಪಣೆ ಸೇರಿಕೊಳ್ಳುತ್ತದೆ. ಹಳೆಯ ಕೈಗಾರಿಕಾ ನೆಲದ ಮಣ್ಣಿನಲ್ಲಿ ಎಣ್ಣೆ, ಭಾರಲೋಹ ಇರುತ್ತದೆ, ಪರೀಕ್ಷೆ ಬೇಕು. ಬಾಂಬು ಬಿದ್ದ ನೆಲವಾದ್ದರಿಂದ ಸಿಡಿಯದೆ ಉಳಿದ ಬಾಂಬಿನ ಅಪಾಯದ ಅಂದಾಜು ವರದಿಯನ್ನೂ ಅಗೆಯುವ ಮೊದಲು ತರಿಸಬೇಕು. ಇದನ್ನು ಬಜೆಟ್ಟಿನಲ್ಲಿ ಸೇರಿಸದ ಗುಂಪುಗಳು ಗುತ್ತಿಗೆದಾರ ಕೆಲಸ ನಿಲ್ಲಿಸಿದ ದಿನ ಕಂಗಾಲಾಗುತ್ತವೆ.

ಹಳೆಯ ಕಾರ್ಖಾನೆ ನೆಲದಲ್ಲಿ ವಸತಿ ಸಮುಚ್ಚಯ ಬರುವ ಸಂದರ್ಭ ಒಂದು ಅವಕಾಶವೂ ಹೌದು, ಬಲೆಯೂ ಹೌದು. ಬಿಲ್ಡರ್ ಅರ್ಜಿಯ ಹಂತದಲ್ಲಿ ಸ್ಮಾರಕ ಕಟ್ಟಿಕೊಡುತ್ತೇನೆಂದು ಸಂತೋಷದಿಂದಲೇ ಹೇಳುತ್ತಾನೆ. ಅನುಮತಿ ಸಿಕ್ಕ ಮೇಲೆ ಜಾಗ ಬೇರೆ ಕಂಪನಿಗೆ ಮಾರಾಟವಾಗುತ್ತದೆ, ಬಾಯಿಮಾತು ಹಿಂದೆ ಉಳಿಯುತ್ತದೆ. 1990ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ನಿನ ಒಪ್ಪಂದದಲ್ಲಿ ಅದನ್ನು ಬರೆಸಬೇಕು. ಆ ಬಾಧ್ಯತೆ ನೆಲಕ್ಕೇ ಅಂಟಿಕೊಂಡು ಮುಂದಿನ ಕೊಳ್ಳುಗನನ್ನೂ ಕಟ್ಟಿಹಾಕುತ್ತದೆ. ಒಪ್ಪಂದದಲ್ಲಿ ಕಲ್ಲಿನ ಅಳತೆ, ಹೆಸರುಗಳಿರಬೇಕೆಂಬ ಷರತ್ತು, ಸಾರ್ವಜನಿಕರಿಗೆ ಹಗಲು ಹೊತ್ತು ಪ್ರವೇಶ, ಎಷ್ಟು ಮನೆಗಳು ತುಂಬುವ ಮೊದಲು ಕೆಲಸ ಮುಗಿಯಬೇಕು ಎಂಬ ನಾಲ್ಕೂ ಇರಲಿ. ‘ಪರಂಪರೆಯನ್ನು ಸೂಚಿಸುವ ಕಲಾಕೃತಿ’ ಎಂಬಂಥ ಪದಗಳಿಗೆ ಒಪ್ಪಿದರೆ ಕೊನೆಗೆ ಬರುವುದು ಹೆಸರುಗಳಿಲ್ಲದ ಒಂದು ಉಕ್ಕಿನ ಗಾಲಿ.

ಕಲ್ಲಿನ ಲೆಕ್ಕ

ಹೆಸರುಪಟ್ಟಿ ಗಟ್ಟಿಯಾದ ಮೇಲೆ ಕಲ್ಲಿನ ಅಳತೆ ತಾನಾಗಿಯೇ ಹೊರಡುತ್ತದೆ. 53 ಹೆಸರು, ಎರಡು ಅಂಕಣ, ಅಂದರೆ 27 ಸಾಲು. ಅಕ್ಷರದ ಎತ್ತರ 20 ಮಿಲಿಮೀಟರ್ ಇದ್ದರೆ ಎರಡು ಮೂರು ಮೀಟರ್ ದೂರದಿಂದ ವಯಸ್ಸಾದವರೂ ಓದಬಹುದು. ಸಾಲಿನಿಂದ ಸಾಲಿಗೆ 35 ಮಿಲಿಮೀಟರ್ ಇಟ್ಟರೆ ಹೆಸರುಗಳೇ 945 ಮಿಲಿಮೀಟರ್ ತೆಗೆದುಕೊಳ್ಳುತ್ತವೆ. ಮೇಲ್ಬರಹ, ಅಂಚು, ಕೆಳಗೆ ಬಿಡಬೇಕಾದ ಖಾಲಿ ಸಾಲು ಸೇರಿ 1,300 ಎತ್ತರ, 900 ಅಗಲದ ಹಲಗೆ ಬೇಕು. 75 ಮಿಲಿಮೀಟರ್ ದಪ್ಪದ ಸ್ಲೇಟ್ ಆದರೆ ತೂಕ ಸುಮಾರು 245 ಕಿಲೋ. ಅಂದರೆ ಎತ್ತುವ ಯಂತ್ರವಿಲ್ಲದೆ ಕೆಲಸ ಆಗದು, ಲಾರಿ ಹತ್ತಿರ ಬರಲಾಗದ ಜಾಗದಲ್ಲಿ ಇದೇ ದೊಡ್ಡ ಖರ್ಚಾಗುತ್ತದೆ.

ವೇಲ್ಸ್‌ನ ಸ್ಲೇಟಿನಲ್ಲಿ ಸೂಕ್ಷ್ಮ ಅಕ್ಷರ ಚೂಪಾಗಿ ನಿಲ್ಲುತ್ತದೆ, ಮಳೆಗೂ ಜಗ್ಗುವುದಿಲ್ಲ. ಪೋರ್ಟ್‌ಲೆಂಡ್ ಸುಣ್ಣಕಲ್ಲು ಚೆಂದ, ಲಂಡನ್ನಿನ ಹಲವು ದೊಡ್ಡ ಸ್ಮಾರಕಗಳು ಅದರವೇ. ಆದರೆ ಮಳೆಯಲ್ಲಿ ನಿಧಾನಕ್ಕೆ ಕರಗುವ ಕಲ್ಲಾದ್ದರಿಂದ ಅಲ್ಲಿ ಅಕ್ಷರ ದೊಡ್ಡದಾಗಿ ಆಳವಾಗಿ ಇರಬೇಕು, 53 ಹೆಸರಿಗೆ ಹಲಗೆ ಬಹಳ ಬೆಳೆಯುತ್ತದೆ. ಗ್ರಾನೈಟ್ ಗಟ್ಟಿ, ಆದರೆ ಹೊಳಪು ಕೊಟ್ಟ ಮೇಲ್ಮೈಯಲ್ಲಿ ಎದುರಿನ ಬೆಳಕು ಬಿದ್ದಾಗ ಬಣ್ಣ ತುಂಬದ ಅಕ್ಷರ ಕಾಣಿಸುವುದಿಲ್ಲ. ಕಂಚು ಬೇಡವೆಂದೇ ಸಲಹೆ. 2013ರ ಗುಜರಿ ಲೋಹ ವ್ಯಾಪಾರಿಗಳ ಕಾಯ್ದೆ ನಗದು ಕೊಟ್ಟು ಕೊಳ್ಳುವುದನ್ನು ನಿಷೇಧಿಸಿದೆಯಾದರೂ, ಜನಸಂಚಾರ ಕಡಿಮೆಯಿರುವ ಕೈಗಾರಿಕಾ ಬೀದಿಯಲ್ಲಿ ಲೋಹದ ಫಲಕ ಕಳ್ಳರಿಗೆ ಸುಲಭದ ತುತ್ತು.

ಅತಿ ಕೆಳಗಿನ ಸಾಲು ನೆಲದಿಂದ ಅರ್ಧ ಮೀಟರಿಗಿಂತ ಕೆಳಗಿರಬಾರದು, ಇಲ್ಲದಿದ್ದರೆ ಹುಲ್ಲು ಮತ್ತು ಮಳೆಯ ಕೆಸರು ಅದನ್ನು ಮುಚ್ಚುತ್ತವೆ. ಹಲಗೆಯನ್ನು ಹಿಡಿಯುವ ಕಂಬಿಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಲ್ಲು ಒಳಗಿನಿಂದ ಸೀಳುತ್ತದೆ. ಹೆಸರುಗಳು ಅಕ್ಷರಾನುಕ್ರಮದಲ್ಲಿ, ಫೋರ್‌ಮನ್ ಎಂದೋ ಕೂಲಿ ಎಂದೋ ದರ್ಜೆಯಿಲ್ಲದೆ ಬರಲಿ. ವಯಸ್ಸು ಬೇಕೇ ಬೇಡವೇ ಎಂಬ ಚರ್ಚೆ ಎಲ್ಲ ಸಮಿತಿಗಳಲ್ಲೂ ಏಳುತ್ತದೆ. ವಯಸ್ಸು ಹಾಕಿದರೆ ತಪ್ಪಿನ ಸಾಧ್ಯತೆ ಹೆಚ್ಚು, ಅಕ್ಷರಕ್ಕಿಷ್ಟು ಎಂದು ಕೂಲಿ ಕೇಳುವ ಶಿಲ್ಪಿಗೆ ನೂರಕ್ಕೂ ಹೆಚ್ಚು ಅಂಕಿ ಹೆಚ್ಚುವರಿ. ಆದರೂ ಹಾಕಲೇಬೇಕು. ಹದಿಹರೆಯದವರೂ ಮುದುಕರೂ ಒಂದೇ ಪಾಳಿಯಲ್ಲಿದ್ದರೆಂಬುದು ಓದುವವರಿಗೆ ತಿಳಿಯುವುದು ಆ ಎರಡಂಕಿಯಿಂದಲೇ. ಕೊನೆಯಲ್ಲಿ ಮೂರು ನಾಲ್ಕು ಸಾಲು ಖಾಲಿ ಬಿಡುವುದು ಕಡ್ಡಾಯ. ಅನಾವರಣದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರವೇ ‘ನಮ್ಮ ದೊಡ್ಡಪ್ಪನ ಹೆಸರು ಬಿಟ್ಟಿದ್ದೀರಿ’ ಎಂದು ಯಾರಾದರೂ ಬಂದೇ ಬರುತ್ತಾರೆ.

ದುಡ್ಡು, ಮತ್ತು ಅದಾದ ಮೇಲೆ

ಹಣ ಸಂಗ್ರಹಕ್ಕೆ ಕೂರುವ ಮೊದಲು ಗುಂಪಿಗೊಂದು ಕಾನೂನಿನ ರೂಪ ಬೇಕು. ಧರ್ಮಾರ್ಥ ಸಂಸ್ಥೆಯಾಗಿ ನೋಂದಣಿಯಾದರೆ ತೆರಿಗೆ ಕಟ್ಟುವ ದಾನಿಯ ಒಂದು ಪೌಂಡಿಗೆ ತೆರಿಗೆಯ ಕಡೆಯಿಂದ 25 ಪೆನ್ಸ್ ಸೇರುತ್ತದೆ, ಸಂಸ್ಥೆಗೆ ತನ್ನದೇ ಕಾನೂನು ವ್ಯಕ್ತಿತ್ವವಿರುವ ರೂಪ ಆರಿಸಿಕೊಂಡರೆ ಒಪ್ಪಂದಗಳಿಗೆ ಸದಸ್ಯರು ವೈಯಕ್ತಿಕವಾಗಿ ಹೊಣೆಯಾಗುವುದು ತಪ್ಪುತ್ತದೆ. ಯುದ್ಧ ಸ್ಮಾರಕಗಳ ಟ್ರಸ್ಟ್ ಎಂಬ ಸಂಸ್ಥೆಯ ಹೆಸರು ಕೇಳಿ ಬಹಳ ಜನ ಅಲ್ಲಿಗೆ ಅರ್ಜಿ ಹಾಕುತ್ತಾರೆ. ಆದರೆ ಅದು ಮುಖ್ಯವಾಗಿ ಇರುವ ಸ್ಮಾರಕಗಳ ದುರಸ್ತಿಗೆ ನೆರವಾಗುವಂಥದ್ದು.

ಸಮಯದ ಅಂದಾಜಿಗೆ ಲಂಡನ್ನಿನ ಬೆತ್ನಲ್ ಗ್ರೀನ್ ಪ್ರಕರಣ ನೋಡಬಹುದು. 1943ರ ಮಾರ್ಚ್ 3ರಂದು ಅಲ್ಲಿಯ ಸುರಂಗ ರೈಲು ನಿಲ್ದಾಣದ ಆಸರೆಗೆ ಇಳಿಯುವ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 173 ಜನ ಸತ್ತರು, ಅವರಲ್ಲಿ 62 ಮಕ್ಕಳು. ಬೀಳದ ಬಾಂಬಿನ ಭಯಕ್ಕೆ ಸತ್ತವರು ಅವರು. ಸ್ಮಾರಕಕ್ಕಾಗಿ ಟ್ರಸ್ಟ್ ಶುರುವಾದದ್ದು 2007ರಲ್ಲಿ, ತಲೆಕೆಳಗಾದ ಮೆಟ್ಟಿಲಿನ ರೂಪದ ಕೆಲಸ ಪೂರ್ತಿಯಾಗಿ ಅನಾವರಣಗೊಂಡದ್ದು 2017ರ ಡಿಸೆಂಬರಿನಲ್ಲಿ. ಹತ್ತು ವರ್ಷ. ಬದುಕುಳಿದವರ ವಯಸ್ಸು ನೋಡಿದರೆ ಅದು ಬಹಳ ದೀರ್ಘ. ಆದ್ದರಿಂದ ದೊಡ್ಡ ಸ್ಮಾರಕದ ಕನಸಿದ್ದರೂ ಮೊದಲ ಎರಡು ವರ್ಷದೊಳಗೆ ಹೆಸರುಗಳಿರುವ ಸರಳ ಫಲಕವೊಂದನ್ನು ಗೋಡೆಗೆ ಕೂರಿಸಿಬಿಡುವುದು ಮೇಲು. ಶೆಫೀಲ್ಡಿನಲ್ಲಿ ಯುದ್ಧಕಾಲದ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರೇ ಮುಂದೆ ನಿಂತು ಕೇಳಿದರು. 2016ರಲ್ಲಿ ಅವರ ಪ್ರತಿಮೆ ನಿಂತಾಗ ಆ ಪೀಳಿಗೆಯ ಕೆಲವರಾದರೂ ನೋಡುವಂತಾಯಿತು. ಸತ್ತವರ ಪರವಾಗಿ ಹಾಗೆ ಕೇಳುವ ಜನ ಈಗ ಮೊಮ್ಮಕ್ಕಳು, ಮರಿಮಕ್ಕಳು.

ಕಲ್ಲು ನಿಂತ ಮೇಲಿನ ಹೊಣೆಯ ಬಗ್ಗೆ ಕನ್ನಡ ನಾಡಿನ ಹಳೆಯ ಪದ್ಧತಿ ಬಹಳ ವಿವೇಕದ್ದು. ವೀರಗಲ್ಲು ನೆಟ್ಟವರು ಸತ್ತವನ ಹೆಸರು, ಯಾವ ಕಾಳಗ ಎಂಬುದನ್ನು ಬರೆಸಿ ಸುಮ್ಮನಾಗುತ್ತಿರಲಿಲ್ಲ. ಎಷ್ಟೋ ಕಡೆ ಅವನ ಮನೆಯವರಿಗೆ ನೆತ್ತರುಕೊಡಗೆಯಾಗಿ ಭೂಮಿ ಬಿಟ್ಟುಕೊಟ್ಟು ಅದನ್ನೂ ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು. ಇಂದಿನ ಸಮಿತಿಗಳು ಸಂಗ್ರಹದ ಹತ್ತನೇ ಒಂದು ಭಾಗವನ್ನಾದರೂ ಪಾಲನೆಗೆಂದು ಬೇರೆ ಖಾತೆಯಲ್ಲಿಟ್ಟು, ತೊಳೆಯುವುದು, ವಿಮೆ, ಅಕ್ಷರಕ್ಕೆ ಮರುಬಣ್ಣ ಯಾರ ಕೆಲಸವೆಂದು ನಗರಸಭೆಯೊಂದಿಗೆ ಬರೆದುಕೊಳ್ಳಬೇಕು. ಬ್ರಿಟನ್ನಿನ ಸಾಮ್ರಾಜ್ಯ ಯುದ್ಧ ವಸ್ತುಸಂಗ್ರಹಾಲಯದ (ಇಂಪೀರಿಯಲ್ ವಾರ್ ಮ್ಯೂಸಿಯಂ) ಸ್ಮಾರಕಗಳ ನೋಂದಣಿಯಲ್ಲಿ ಹೊಸ ಕಲ್ಲನ್ನು ಫೋಟೋ, ಹೆಸರುಗಳ ಸಮೇತ ಸೇರಿಸಿದರೆ, ಮುಂದೆ ಕಲ್ಲಿಗೇನಾದರೂ ದಾಖಲೆ ಉಳಿಯುತ್ತದೆ.

ಹೆಸರನ್ನು ಕೊಂಡವರು

ಬಿಎಸ್‌ಎ ಎಂಬ ಬ್ರಾಂಡು ಈಗ ಭಾರತದ ಕೈಯಲ್ಲಿದೆ. ಮಹೀಂದ್ರಾ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ 2016ರಲ್ಲಿ ಅದನ್ನು ಕೊಂಡುಕೊಂಡಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದು ಮನೆಮಾತಾಗಿದ್ದ ಜಾವಾ, ಯೆಜ್ಡಿ ಹೆಸರುಗಳಿಗೆ ಮರುಜೀವ ಕೊಟ್ಟ ಕಂಪನಿಯೇ ಅದು. ಹೊಸ ಗೋಲ್ಡ್ ಸ್ಟಾರ್ ಬೈಕನ್ನು 2021ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲೇ ಪ್ರದರ್ಶಿಸಲಾಯಿತು. ಕಾನೂನಿನ ದೃಷ್ಟಿಯಲ್ಲಿ ಟ್ರೇಡ್‌ಮಾರ್ಕ್ ಕೊಂಡವರಿಗೆ 1940ರ ಮೃತರ ಬಗ್ಗೆ ಯಾವ ಬಾಧ್ಯತೆಯೂ ಇಲ್ಲ, ಹಕ್ಕೊತ್ತಾಯದ ಭಾಷೆ ಇಲ್ಲಿ ನಿಲ್ಲುವುದಿಲ್ಲ. ಆದರೆ ಹಳೆಯ ಹೆಸರಿನ ಬೆಲೆ ಬಂದದ್ದು ಅದರ ಹಿಂದಿನ ಕೈಗಳಿಂದ. ಆ ಕೈಗಳ ಹೆಸರನ್ನು ಕಲ್ಲಿಗೆ ತರಲು ನೆರವಾಗಿ ಎಂದು ಪರಂಪರೆಯ ಬ್ರಾಂಡು ನಡೆಸುವ ಯಾವುದೇ ಕಂಪನಿಯನ್ನು ಕೇಳುವುದು ನ್ಯಾಯವಾದ ಕೋರಿಕೆ. ಕೇಳುವಾಗ ಪರಿಶೀಲಿಸಿದ ಹೆಸರುಪಟ್ಟಿ, ಜಾಗದ ಒಪ್ಪಿಗೆ ಪತ್ರ, ಶಿಲ್ಪಿಯ ದರಪಟ್ಟಿ ಮೂರೂ ಕೈಯಲ್ಲಿದ್ದರೆ ಉತ್ತರ ಬೇರೆಯೇ ಬರುತ್ತದೆ. ಕಲ್ಲಿನ ಮೇಲೆ ಪ್ರಾಯೋಜಕರ ಲಾಂಛನ ಇರುವುದಿಲ್ಲವೆಂದು ಮೊದಲ ಪತ್ರದಲ್ಲೇ ತಿಳಿಸಬೇಕು.

ಜಪಾನಿನ ಟೊಯೊಕಾವಾದಲ್ಲಿ ನೆಲವನ್ನೇ ಉಳಿಸಿಕೊಂಡರು. ಅಲ್ಲಿಯ ನೌಕಾ ಶಸ್ತ್ರಾಗಾರದ ಮೇಲೆ 1945ರ ಆಗಸ್ಟ್ 7ರಂದು 124 ಬಿ-29 ವಿಮಾನಗಳು ಅರ್ಧ ಗಂಟೆಗೂ ಕಡಿಮೆ ಹೊತ್ತಿನಲ್ಲಿ ಬಾಂಬು ಸುರಿದು 2,500ಕ್ಕೂ ಹೆಚ್ಚು ಜನರನ್ನು ಕೊಂದವು. ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ್ದ ಹುಡುಗ ಹುಡುಗಿಯರೂ ಅದರಲ್ಲಿದ್ದರು. ಮರುವರ್ಷವೇ ಸ್ಮಾರಕ ಗೋಪುರವಾಯಿತು. ಶಸ್ತ್ರಾಗಾರದ ಉಳಿದ ಮದ್ದಿನ ಕೋಣೆಗಳ ಸಮೇತ ಶಾಂತಿ ಉದ್ಯಾನವಾಗಲು 2018 ಬಂತು.

ನಮ್ಮ ದೇಶದ ಲೆಕ್ಕವೂ ಬಾಕಿ ಇದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು ಸತ್ತ 66 ಅಗ್ನಿಶಾಮಕರನ್ನು ಕರ್ನಾಟಕದ ಠಾಣೆಗಳೂ ಪ್ರತಿ ವರ್ಷ ನೆನೆಯುತ್ತವೆ. ಅವರಿಗೆ ಇಲಾಖೆ ಇತ್ತು, ಸಮವಸ್ತ್ರ ಇತ್ತು. ಅದೇ ದಿನ ಸತ್ತ ಬಂದರು ಕೂಲಿಗಳಿಗೆ ಅಂಥ ದಿನವಿಲ್ಲ. ಅದು ಬಾಂಬ್ ದಾಳಿಯಲ್ಲ, ನಿಜ. ಆದರೆ 1943ರ ಡಿಸೆಂಬರ್ 5ರಂದು ಜಪಾನಿ ವಿಮಾನಗಳು ಹಗಲಲ್ಲೇ ಕಲ್ಕತ್ತೆಯ ಕಿದಿರ್‌ಪುರ ಬಂದರಿನ ಮೇಲೆ ಹಾಕಿದ ಬಾಂಬಿಗೆ 300ಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ದುಡಿಯುವ ಕೂಲಿಗಳು. ಬ್ರಿಟನ್ನಿನ ಹಾಗೆ ಮನೆಮನೆಯ ನೋಂದಣಿಯಾಗಲಿ, ಆಯೋಗದ ಸಂಪುಟಗಳಾಗಲಿ ಅವರ ನೆರವಿಗಿಲ್ಲ. ಕೂಲಿಗಳನ್ನು ಕರೆತರುವ ಸರ್ದಾರನ ಹಿಂದೆ ಬಂದ ದಿನಗೂಲಿಯ ಹೆಸರು ಸಂಬಳದ ಪುಸ್ತಕದಲ್ಲೂ ಇದ್ದಿರಲಾರದು. ಹುಡುಕಾಟ ಶುರುವಾಗುವುದಾದರೆ ಬಂದರಿನ ದಾಖಲೆಗಳ ಭಂಡಾರದಿಂದ, ಆಸ್ಪತ್ರೆಗಳ ಒಳರೋಗಿ ಪುಸ್ತಕಗಳಿಂದ, ಸ್ಮಶಾನ ಮತ್ತು ಕಬರಸ್ತಾನಗಳ ಆ ವಾರದ ಪುಟಗಳಿಂದ ಶುರುವಾಗಬೇಕು. ಇನ್ನೊಂದು ದಾರಿ ಕಾನೂನಿನದು. ಬ್ರಿಟನ್ನಿನ ಕಾಯ್ದೆ ಮಾಲೀಕನನ್ನು ಹೊಣೆಯಿಂದ ಬಿಡಿಸಿತ್ತು. ಭಾರತದಲ್ಲಿ 1943ರ ಯುದ್ಧ ಗಾಯಗಳ ಪರಿಹಾರ ವಿಮಾ ಕಾಯ್ದೆ ಕೆಲಸಗಾರನಿಗೆ ಪರಿಹಾರ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿ ವಿಮೆ ಮಾಡಿಸಿತು. ಪರಿಹಾರಕ್ಕೆ ಅರ್ಜಿ ಬಂದಿದ್ದರೆ, ಅರ್ಜಿಯಲ್ಲಿ ಸತ್ತವನ ಹೆಸರು, ಊರು, ಹೆಂಡತಿ ಅಥವಾ ತಾಯಿಯ ಹೆಬ್ಬೆಟ್ಟು ಇದ್ದೇ ಇರುತ್ತದೆ.